ಗೌಂಡಿಗೆ ಕೆಲಸ ಐತಿ, ಕೈಯಾಳಿನ ಹಾಜರಿ ಎಲ್ಲೈತಿ?

ಲಿಂಗಸುಗೂರು, ಮಸ್ಕಿ, ಸಿಂಧನೂರು ಒಂದೇ ಹೆದ್ದಾರಿಯ ಮೇಲಿನ ಮೂರು ಊರು. ಬಸ್ಸಿನ ಕಿಟಕಿಯಿಂದ ನೋಡಿದರೆ ಸಾಕು, ಇಲ್ಲೊಂದು ಅಂಗಡಿ ಸಾಲು, ಅಲ್ಲೊಂದು ಹೊಸ ಬಡಾವಣೆ. ಇಷ್ಟೊಂದು ಕಟ್ಟಡ ಏಳ್ತಾವ, ಕೂಲಿಗೇನು ಬರ ಅಂತ ಯಾರಿಗಾದರೂ ಅನ್ನಿಸೀತು. ಹಾಗಾದರೆ ನಮ್ಮ ಜನ ಗಂಟು ಕಟ್ಟಿಕೊಂಡು ಬೆಂಗಳೂರು ಬಸ್ ಹತ್ತುವುದು ಯಾಕೆ?

ಉತ್ತರ ಕಾಲುವೆಯಲ್ಲಿದೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದರೆ ಸಿಂಧನೂರಿಗೆ ಭತ್ತ, ಭತ್ತ ಬಂದರೆ ರೊಕ್ಕ, ರೊಕ್ಕ ಬಂದರೆ ಮನೆ ಕಟ್ಟುವ ಮಾತು. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟ್ ಕೊಚ್ಚಿಹೋಯಿತು. ಎಲ್ಲಾ 33 ಗೇಟ್ ಬದಲಿಸಬೇಕೆಂದು 2025-26ರ ಎರಡನೇ ಬೆಳೆಗೆ ನೀರಿಲ್ಲ ಎಂಬ ತೀರ್ಮಾನವಾಯಿತು. ಬೆಳೆ ತಪ್ಪಿದರೆ ನಾಟಿ ಹಚ್ಚುವ ಆಳೂ ಬುಟ್ಟಿ ಹೊರಲು ಬರುತ್ತದೆ. ಅದೇ ಹೊತ್ತಿಗೆ ಮನೆ ಕಟ್ಟುವವನೂ ಕೈ ಬಿಗಿ ಹಿಡಿಯುತ್ತಾನೆ. ಆಳು ಹೆಚ್ಚು, ಕೆಲಸ ಕಡಿಮೆ! ಮಳೆ ನಂಬಿದ ಲಿಂಗಸುಗೂರು, ಮಸ್ಕಿ ಕಡೆಯ ಹಳ್ಳಿಗಳಿಗಂತೂ ಗುಳೆ ಹೊಸದಲ್ಲ.

ಇದರ ಮೇಲೆ ಯಂತ್ರದ ಪೆಟ್ಟು. ಹಿಂದೆ ಸ್ಲ್ಯಾಬ್ ಹಾಕುವ ದಿನವೆಂದರೆ ಕೆಳಗಿನಿಂದ ಮಾಳಿಗೆವರೆಗೆ ಜನ ಸಾಲಾಗಿ ನಿಂತು ಬುಟ್ಟಿ ದಾಟಿಸುತ್ತಿದ್ದರು. ಈಗ ಮಿಕ್ಸರು, ಲಿಫ್ಟು ಬಂದು ಅರ್ಧ ಕೈ ಸಾಕಾಗಿವೆ. ಪಾಯ ತೋಡಲು ಜೆಸಿಬಿ.

ಹಾಗಂತ ಮುಂದೆ ಕತ್ತಲೆಯೇ? ಹಾಗೇನಿಲ್ಲ. 1997-98ರಲ್ಲಿ ಮಂಜೂರಾದ ಗಿಣಿಗೇರಾ-ರಾಯಚೂರು ರೈಲು ಮಾರ್ಗ 2024ರ ಮಾರ್ಚ್‌ನಲ್ಲಿ ಸಿಂಧನೂರು ಮುಟ್ಟಿತು. ಗದಗ-ವಾಡಿ ಮಾರ್ಗದಲ್ಲಿ 2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ರೈಲು ಬಂತು. ಅದೇ ಮಾರ್ಗ ಮುಂದೆ ಲಿಂಗಸುಗೂರಿಗೆ ಬರಬೇಕು. ಹಿಂದೆ ಲಿಂಗಸುಗೂರು ತಾಲ್ಲೂಕಿನಲ್ಲಿದ್ದ ಮಸ್ಕಿ ಈಗ ತಾನೇ ತಾಲ್ಲೂಕು ಕೇಂದ್ರ. ತಾಲ್ಲೂಕು ಎಂದ ಮೇಲೆ ಕಚೇರಿ, ಅಂಗಡಿ, ಬಾಡಿಗೆ ಮನೆ ಬೇಕೇ ಬೇಕು. ಆದರೆ ಇಂಥ ಕೆಲಸಕ್ಕೆ ಬರೀ ಬುಟ್ಟಿ ಹೊರುವವರಿಗಿಂತ ಸೆಂಟ್ರಿಂಗ್ ಬಲ್ಲವರು, ಕಬ್ಬಿಣ ಕಟ್ಟುವವರು, ವೈರಿಂಗ್, ನಳ, ಟೈಲ್ಸ್ ಬಲ್ಲವರು ಬೇಕು. ಹತ್ತು ವರ್ಷ ಉಸುಕು ಜರಡಿ ಹಿಡಿದವನ ಕೈಗೆ ಯಾರೂ ಕರಣೆ ಕೊಡದಿದ್ದರೆ ಅವನು ಹನ್ನೊಂದನೇ ವರ್ಷವೂ ಕೈಯಾಳೇ. ಹೆಂಗಸರ ಗತಿಯಂತೂ ಕೇಳಬೇಡಿ. ಇಟ್ಟಂಗಿ ಹೊರುವುದು ಅವರ ಪಾಲು, ಇಡುವುದು ಗಂಡಸರ ಪಾಲು!

ಇನ್ನು ಕಾರ್ಡಿನ ಮಾತು. ಕಟ್ಟಡ ಕಾರ್ಮಿಕರಿಗೆಂದು 1996ರಲ್ಲಿ ಕೇಂದ್ರದ ಕಾಯ್ದೆ ಬಂತು. 2007ರಲ್ಲಿ ರಾಜ್ಯದ ಕಲ್ಯಾಣ ಮಂಡಳಿ ಆಯಿತು. ದೊಡ್ಡ ಕಟ್ಟಡಗಳ ವೆಚ್ಚದಲ್ಲಿ ನೂರಕ್ಕೆ ಒಂದರಂತೆ ಸೆಸ್ ಎತ್ತಿ ಅಪಘಾತ ಪರಿಹಾರ, ಹೆರಿಗೆ ಸಹಾಯ, ಮಕ್ಕಳ ಓದಿಗೆ ಸಹಾಯ, 60 ದಾಟಿದವರಿಗೆ ಪಿಂಚಣಿ ಕೊಡುವುದು ಅದರ ಕೆಲಸ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದರೂ ಸೆಸ್ಸೂ ಉಳಿದಿದೆ, ನೋಂದಣಿಯೂ ಉಳಿದಿದೆ. ವಯಸ್ಸು 18ರಿಂದ 60ರೊಳಗಿದ್ದು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ಇಷ್ಟೇ ಶರತ್ತು.

ಆ 90ರಲ್ಲೇ ಇರುವುದು ಪೇಚು. ನಮ್ಮ ಕೈಯಾಳು ನಲವತ್ತು ದಿನ ಸಿಂಧನೂರಿನಲ್ಲಿ, ಇಪ್ಪತ್ತು ದಿನ ಮಸ್ಕಿಯಲ್ಲಿ, ಉಳಿದದ್ದು ಬೆಂಗಳೂರಿನಲ್ಲಿ ದುಡಿದಿರುತ್ತಾನೆ. ಕೂಡಿಸಿದರೆ 90 ಸಲೀಸಾಗಿ ದಾಟುತ್ತದೆ. ಬರೆದಿಟ್ಟವರು ಯಾರು? ಮೇಸ್ತ್ರಿ ಸಂಜೆ ಕೈಗೆ ರೊಕ್ಕ ಇಟ್ಟರೆ ಆ ದಿನದ ಲೆಕ್ಕ ಮುಗಿಯಿತು. ಅತ್ತ ಬುಟ್ಟಿ ಮುಟ್ಟದವರೂ ಕಾರ್ಡು ಮಾಡಿಸಿ, ಇಲಾಖೆ ಬೋಗಸ್ ಕಾರ್ಡು ರದ್ದು ಮಾಡಿದ್ದೂ ಆಗಿದೆ. ಪುರಾವೆ ಇಲ್ಲದ ಅಸಲಿ ಕಾರ್ಮಿಕ ಮಾತ್ರ ಹೊರಗೇ ನಿಂತಿದ್ದಾನೆ. ನಾಳೆ ಅಟ್ಟಣಿಗೆಯಿಂದ ಕಾಲು ಜಾರಿದರೆ ಅವನ ಹೆಂಡತಿ ಮಕ್ಕಳು ಏನು ತೋರಿಸಬೇಕು?

ಅಂಗಡಿಕಾರರೇ, ಇದು ನಿಮಗೂ ಸಂಬಂಧಿಸಿದ್ದು. ನಿಮ್ಮ ಉದ್ದರಿ ಖಾತೆಯಲ್ಲಿ ಇವರ ಹೆಸರಿದೆ. ಇವರಿಗೆ ಕೆಲಸವಿದ್ದ ವಾರ ನಿಮ್ಮ ಗಲ್ಲಾ ತುಂಬುತ್ತದೆ. ಮಾಳಿಗೆ ಏರಿಸುವಾಗ, ಗೋದಾಮು ಕಟ್ಟಿಸುವಾಗ ಹತ್ತು ರೂಪಾಯಿಯ ಒಂದು ನೋಟ್‌ಬುಕ್ಕಿನಲ್ಲಿ ಯಾರು ಎಷ್ಟು ದಿನ ಬಂದರೆಂದು ಬರೆದಿಡಿ, ಗುತ್ತೇದಾರನಿಗೂ ಬರೆಯಲು ಹೇಳಿ. ಗೃಹಪ್ರವೇಶದ ದಿನ ಗೌಂಡಿಗೆ ಆಯೇರಿ ಮಾಡುವುದು ನಮ್ಮ ಪದ್ಧತಿ. ಅದರ ಜೊತೆಗೆ ಕೈಯಾಳಿಗೆ ಒಂದು ಸಹಿಯನ್ನೂ ಹಾಕಿಕೊಡಿ.