ನಂಬಿದ ಚಿಕಿತ್ಸೆಯನ್ನು ಒರೆಗೆ ಹಚ್ಚಿದಾಗ

ಶರೀರವನ್ನು ಕಾಯಬೇಕಾದ ಬಿಳಿಯ ರಕ್ತಕಣಗಳೇ ದಾರಿತಪ್ಪಿದ ಪ್ರತಿಕಾಯಗಳಿಂದ ಪ್ರಚೋದಿತವಾಗಿ ಸೂಕ್ಷ್ಮ ರಕ್ತನಾಳಗಳ ಭಿತ್ತಿಯ ಮೇಲೆ ಎರಗುವ 'ಆಂಕಾ ವ್ಯಾಸ್ಕ್ಯುಲೈಟಿಸ್' ಎಂಬ ವ್ಯಾಧಿಯು ವಿರಳವಾದುದೇ ಆದರೂ, ಮೂತ್ರಪಿಂಡವನ್ನೋ ಶ್ವಾಸಕೋಶವನ್ನೋ ಹಿಡಿದಾಗ ಅದು ತೋರುವ ಕ್ರೌರ್ಯವು ಸಾಮಾನ್ಯವಾದುದಲ್ಲ. ಈ ವರ್ಗದ ಒಂದು ರೋಗದಲ್ಲಿ, ಚಿಕಿತ್ಸೆ ದೊರೆಯದವರು ಸರಾಸರಿ 5 ತಿಂಗಳು ಮಾತ್ರ ಬದುಕುತ್ತಿದ್ದರೆಂದು 1958ರ ವೈದ್ಯಕೀಯ ಲೇಖನವೊಂದು ದಾಖಲಿಸಿದೆ.

ಸ್ಟೀರಾಯ್ಡ್ ಮತ್ತು ಸೈಕ್ಲೋಫಾಸ್ಫಮೈಡ್‌ಗಳ ಬಳಕೆಯಿಂದ ಬಹುಜನರ ಪ್ರಾಣ ಉಳಿಯಿತು, ನಿಜ. ಆದರೆ ರೋಗವನ್ನಡಗಿಸುವ ಮದ್ದೇ ಸೋಂಕನ್ನೆದುರಿಸುವ ಶಕ್ತಿಯನ್ನೂ ಅಡಗಿಸುವುದರಿಂದ, ಎಷ್ಟು ಕೊಟ್ಟರೆ ಸಾಕೆಂಬ ಪ್ರಶ್ನೆಯು ದಶಕಗಳ ಕಾಲ ಹಾಗೆಯೇ ಉಳಿದಿತ್ತು. ಇದರೊಡನೆ, ರೋಗಿಯ ರಕ್ತವನ್ನು ಯಂತ್ರದ ಮೂಲಕ ಹಾಯಿಸಿ, ಕೇಡಿನ ಪ್ರತಿಕಾಯಗಳಿರುವ ಪ್ಲಾಸ್ಮಾವನ್ನು ಬೇರ್ಪಡಿಸಿ ತೆಗೆದು, ಬದಲಿಗೆ ಆಲ್ಬುಮಿನ್ ದ್ರವವನ್ನು ತುಂಬುವ ಪ್ಲಾಸ್ಮಾ ವಿನಿಮಯವೂ ರೂಢಿಯಲ್ಲಿತ್ತು. ವಿಷವು ರಕ್ತದಲ್ಲಿರುವಾಗ ಅದನ್ನು ಹೊರಹಾಕುವುದೇ ಹಿತವೆಂಬ ತರ್ಕವು ಎಷ್ಟು ಸರಳವೋ ಅಷ್ಟೇ ಮೋಹಕವಾದುದು.

ಸ್ಟೀರಾಯ್ಡಿನ ಪ್ರಮಾಣ, ಪ್ಲಾಸ್ಮಾ ವಿನಿಮಯ ಎಂಬ ಈ ಎರಡನ್ನೂ ಒಟ್ಟಿಗೆ ಒರೆಗೆ ಹಚ್ಚಿದ 'ಪೆಕ್ಸಿವಾಸ್' ಪರೀಕ್ಷೆಗೆ 16 ರಾಷ್ಟ್ರಗಳ 704 ರೋಗಿಗಳು ಒಪ್ಪಿ ಬಂದರು. ಯಾರಿಗೆ ಯಾವ ಚಿಕಿತ್ಸೆಯೆಂಬುದನ್ನು ವೈದ್ಯರ ವಿವೇಚನೆಗೆ ಬಿಡದೆ, ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ನಿರ್ಧರಿಸಲಾಯಿತು. ಏಕೆಂದರೆ ವೈದ್ಯನು ಸಹಜವಾದ ಕರುಣೆಯಿಂದ ಹೆಚ್ಚು ನರಳುತ್ತಿರುವವರಿಗೇ ವಿನಿಮಯ ಮಾಡಿಸಿದ್ದರೆ ಗುಂಪುಗಳ ಹೋಲಿಕೆಯೇ ಅರ್ಥಹೀನವಾಗುತ್ತಿತ್ತು. 14 ದಿನಗಳೊಳಗೆ 7 ಸಲ ಯಂತ್ರಕ್ಕೆ ಜೋಡಿಸಿಕೊಂಡವನಿಂದ ಅವನ ಚಿಕಿತ್ಸೆಯನ್ನು ಮರೆಮಾಡುವುದು ಸುಲಭವಲ್ಲ. ಆದಕಾರಣ ಅನಿಸಿಕೆಗಳ ಹಂಗಿಲ್ಲದ ಎರಡನ್ನು, ಮರಣವನ್ನೂ ಮೂತ್ರಪಿಂಡದ ಅಂತಿಮ ವೈಫಲ್ಯವನ್ನೂ, ಮುಖ್ಯ ಎಣಿಕೆಗೆ ಹಿಡಿದುದು ಯುಕ್ತವೇ ಆಯಿತು. 2020ರಲ್ಲಿ ಪ್ರಕಟವಾದ ಫಲಿತಾಂಶದಂತೆ, ವಿನಿಮಯ ಪಡೆದ 352 ಮಂದಿಯಲ್ಲಿ 100, ಪಡೆಯದ 352 ಮಂದಿಯಲ್ಲಿ 109 ಜನರು ಇವುಗಳಲ್ಲೊಂದಕ್ಕೆ ತುತ್ತಾಗಿದ್ದರು. ಇದು ಆಕಸ್ಮಿಕವಾಗಿಯೂ ಬರಬಹುದಾದಷ್ಟು ಅಲ್ಪವಾದ ಅಂತರ.

ಸ್ಟೀರಾಯ್ಡಿನ ಉತ್ತರವು ನನ್ನ ದೃಷ್ಟಿಯಲ್ಲಿ ಇನ್ನೂ ದೊಡ್ಡದು. ಮೊದಲ 6 ತಿಂಗಳಲ್ಲಿ ರೂಢಿಯ ಒಟ್ಟು ಪ್ರಮಾಣದ ಶೇ. 60ಕ್ಕಿಂತ ಕಡಿಮೆ ಪಡೆದವರು ಉಳಿದವರಿಗಿಂತ ಹೆಚ್ಚಿನ ಹಾನಿಗೆ ಒಳಗಾಗಲಿಲ್ಲ. ಮೊದಲ ವರ್ಷದ ಗಂಭೀರ ಸೋಂಕುಗಳೂ ಅವರಲ್ಲಿ ಕಡಿಮೆಯಾಗಿದ್ದವು. ಹೊಸ ಮದ್ದನ್ನು ಕಂಡುಹಿಡಿದಷ್ಟೇ ಗೌರವವು, ಹಳೆಯ ಮದ್ದಿನಲ್ಲಿ ಎಷ್ಟು ಅನಾವಶ್ಯಕವೆಂದು ತೋರಿಸಿಕೊಟ್ಟ ಈ ಶ್ರಮಕ್ಕೂ ಸಲ್ಲತಕ್ಕದ್ದು.

ಪ್ಲಾಸ್ಮಾ ವಿನಿಮಯದ ವಿಚಾರ ಮಾತ್ರ ಇಲ್ಲಿಗೆ ಮುಗಿಯಲಿಲ್ಲ. ಹಳೆಯ ಪರೀಕ್ಷೆಗಳನ್ನೂ ಪೆಕ್ಸಿವಾಸನ್ನೂ ಕೂಡಿಸಿ ನೋಡಿದ 2022ರ ವಿಶ್ಲೇಷಣೆಯಲ್ಲಿ, ವಿನಿಮಯವು ಮೊದಲ ವರ್ಷದಲ್ಲಿ ಮೂತ್ರಪಿಂಡದ ಅಂತಿಮ ವೈಫಲ್ಯವನ್ನು ತಗ್ಗಿಸುವುದೆಂದೂ, ಆದರೆ ಗಂಭೀರ ಸೋಂಕನ್ನು ಹೆಚ್ಚಿಸುವುದೆಂದೂ ಕಂಡುಬಂದಿತು. ಆದುದರಿಂದ ಮೂತ್ರಪಿಂಡವು ತೀರ ಕೆಟ್ಟಿರುವ ರೋಗಿಯ ವಿಷಯದಲ್ಲಿ, ಡಯಾಲಿಸಿಸ್ಸಿನ ಭೀತಿಯನ್ನೂ ಸೋಂಕಿನ ಭೀತಿಯನ್ನೂ ವೈದ್ಯನು ಆತನೊಡನೆ ಕುಳಿತು ತೂಗಿ ನೋಡಬೇಕಾಗಿದೆ.