ಕಬ್ಬು ಹೋಯ್ತು, ಕೂಳೆ ನೋಡುವವರಾರು?

ಪುಣೆಯಲ್ಲಿರುವ ಬೆಳಗಾವಿ, ಬಾಗಲಕೋಟೆ ಕಡೆಯವರು ನವೆಂಬರ್‌ನಿಂದ ಮಾರ್ಚ್‌ವರೆಗೆ ಎಲ್ಲೇ ಸಿಗಲಿ, ಮೊದಲ ಪ್ರಶ್ನೆ ಒಂದೇ: ‘ನಿಮ್ಮ ಕಬ್ಬು ಹೋಯ್ತಾ?’ ಹೋಯಿತು ಎಂದರೆ ಟ್ರ್ಯಾಕ್ಟರ್ ಕಾರ್ಖಾನೆ ಸೇರಿತು, ಇನ್ನು ಬಿಲ್ ಬರುತ್ತದೆ ಎಂದರ್ಥ. ನಮ್ಮ ಮಾತು ಅಲ್ಲಿಗೆ ಮುಗಿಯುತ್ತದೆ. ಹೊಲದ ಕೆಲಸ ಮಾತ್ರ ಅಂದೇ ಶುರುವಾಗುತ್ತದೆ.

ನಾವು ಊರು ಬಿಟ್ಟ ಮೇಲೆ ಹೊಲದಲ್ಲಿ ಕಬ್ಬು ಹೆಚ್ಚಿತು. ಜೋಳ, ಕಡಲೆಗೆ ಮನೆಯವರು ಹೊಲದಲ್ಲಿ ನಿಲ್ಲಬೇಕು. ಕಬ್ಬಿಗೆ ನೀರು ಬಿಟ್ಟರೆ ಸಾಕು, ಕಡಿಯಲು ಗ್ಯಾಂಗಿನವರು ಬರುತ್ತಾರೆ ಎಂಬ ನಂಬಿಕೆ. ಎಪ್ಪತ್ತು ದಾಟಿದ ಅಪ್ಪಂದಿರ ಕೈಯಲ್ಲಿ ಜಮೀನು, ಫೋನಿನಲ್ಲಿ ನಾವು. ಒಮ್ಮೆ ನಾಟಿ ಮಾಡಿ, ನಾಲ್ಕೈದು ಕೂಳೆ ತೆಗೆಯುತ್ತಾ ಹೋಗುತ್ತೇವೆ. ಇಳುವರಿ ವರ್ಷ ವರ್ಷ ಇಳಿದಾಗ ಭೂಮಿಯ ಮೇಲೆ ತಪ್ಪು ಹೊರಿಸಿ, ಲಾವಣಿಗೆ ಕೊಡುವ ಮಾತು ತೆಗೆಯುತ್ತೇವೆ.

ಕೂಳೆ ಕೆಟ್ಟ ಬೆಳೆಯಲ್ಲ. ಬೀಜದ ಖರ್ಚಿಲ್ಲ, ಉಳುಮೆ ಖರ್ಚಿಲ್ಲ, ನಾಟಿ ಕಬ್ಬಿಗಿಂತ ಬೇಗ ಪಕ್ವವಾಗುತ್ತದೆ. ಆದರೆ ಅದರ ಹಣೆಬರಹ ಕಟಾವಾದ ಮೊದಲ ಒಂದೂವರೆ ತಿಂಗಳಲ್ಲೇ ನಿರ್ಧಾರವಾಗುತ್ತದೆ.

ಮೊದಲನೆಯದು ಬುಡ. ಗ್ಯಾಂಗಿನವರು ಅವಸರದಲ್ಲಿ ನಾಲ್ಕು ಬೆರಳು ಮೇಲೆ ಕಡಿದರೆ ಎರಡು ನಷ್ಟ: ಹೆಚ್ಚು ಸಕ್ಕರೆ ಇರುವ ಭಾಗ ಹೊಲದಲ್ಲೇ ಉಳಿಯುತ್ತದೆ, ಮೇಲಿನ ಕಣ್ಣುಗಳಿಂದ ಬಲವಿಲ್ಲದ ಮರಿ ಏಳುತ್ತದೆ. ವಾರದೊಳಗೆ ಬುಡವನ್ನು ನೆಲಮಟ್ಟಕ್ಕೆ ಸವರಿಸಬೇಕು.

ಎರಡನೆಯದು ಖಾಲಿ ಜಾಗ. ಐದು ಅಡಿ ಸಾಲು, ಎರಡು ಅಡಿ ಅಂತರವಾದರೆ ಎಕರೆಗೆ ಸುಮಾರು 4,350 ಬುಡ. ನೂರಕ್ಕೆ ಹತ್ತು ಸತ್ತರೆ 435 ಬುಡ ಹೋಯಿತು. ಬುಡಕ್ಕೆ ಎಂಟು ಕಬ್ಬು, ಕಬ್ಬಿಗೆ ಒಂದೇ ಕಿಲೋ ಹಿಡಿದರೂ ಮೂರೂವರೆ ಟನ್. ಅಕ್ಕಪಕ್ಕದ ಬುಡಗಳು ಸ್ವಲ್ಪ ತುಂಬಿಕೊಟ್ಟಾವು, ಪೂರ್ತಿ ಅಲ್ಲ. ತಿಂಗಳೊಳಗೆ ಟ್ರೇ ಸಸಿ ನೆಟ್ಟರೆ ಅದು ಉಳಿದ ಕಬ್ಬಿನ ಜೊತೆ ಏಳುತ್ತದೆ. ತಡವಾದರೆ ನೆರಳಲ್ಲಿ ಸೊರಗುತ್ತದೆ.

ಮೂರನೆಯದು ರವದಿ. ಕಡ್ಡಿ ಗೀರಿದರೆ ಒಂದು ತಾಸಿನ ಕೆಲಸ. ಅದರೊಂದಿಗೆ ಎಕರೆಗೆ ಮೂರು-ನಾಲ್ಕು ಟನ್ ಗೊಬ್ಬರದ ಸರಕೂ ಹೊಗೆಯಾಗುತ್ತದೆ. ಪುಡಿ ಮಾಡಿ ಸಾಲಿನಲ್ಲಿ ಹರಡಿ, ಟನ್ನಿಗೆ 8 ಕಿಲೋ ಯೂರಿಯಾ, 10 ಕಿಲೋ ಸೂಪರ್ ಫಾಸ್ಫೇಟ್, ಒಂದು ಕಿಲೋ ಕೊಳೆಸುವ ಜೀವಾಣು ಹಾಕಿ ನೀರು ಬಿಟ್ಟರೆ ಅಲ್ಲೇ ಕರಗುತ್ತದೆ. ತೇವ ಉಳಿಯುತ್ತದೆ, ಕಸ ಕಡಿಮೆಯಾಗುತ್ತದೆ. ಕೂಳೆಗೆ ಸಾರಜನಕವನ್ನು ನಾಟಿ ಕಬ್ಬಿಗಿಂತ ಕಾಲು ಭಾಗ ಹೆಚ್ಚು ಕೊಡಬೇಕು, ಅದೂ ಬೇಗ.

ಎಷ್ಟು ಕೂಳೆ? ಸಾಮಾನ್ಯವಾಗಿ ಎರಡು ಸಾಕು. ಹುಲ್ಲು ಜಡೆ ರೋಗ, ಕೂಳೆ ಕುಂಠಿತ ರೋಗ ಹಳೆಯ ಬುಡದೊಂದಿಗೇ ಮುಂದುವರಿಯುತ್ತವೆ. ಆಮೇಲೆ ಒಂದು ಹಂಗಾಮು ಕಡಲೆಯನ್ನೋ ಸೋಯಾವನ್ನೋ ಬಿತ್ತಿದರೆ ನೆಲ ಚೇತರಿಸಿಕೊಳ್ಳುತ್ತದೆ.

ಇವೆಲ್ಲ ಊರಲ್ಲಿರುವವರ ಕೆಲಸವಾಯಿತು. ದೂರದಲ್ಲಿದ್ದೂ ನಾವು ಮಾಡಬಹುದಾದದ್ದು ಲೆಕ್ಕದ ಕೆಲಸ. 2025-26ರ ಹಂಗಾಮಿಗೆ ಕೇಂದ್ರದ ಎಫ್‌ಆರ್‌ಪಿ ಶೇ 10.25 ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ. ಅದು ಕಾರ್ಖಾನೆ ಗೇಟಿನ ದರ. ಕಟಾವು, ಸಾಗಣೆ ಅದರಲ್ಲೇ ಮುರಿದುಕೊಳ್ಳುತ್ತಾರೆ. ತೂಕದ ಚೀಟಿಯ ಫೋಟೊ ಅಂದೇ ತರಿಸಿಕೊಳ್ಳಿ, ಮುರಿದ ಹಣವನ್ನು ಬಿಲ್ಲಿನಲ್ಲಿ ಸಾಲು ಸಾಲಾಗಿ ಓದಿ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನಗಳಲ್ಲಿ ಹಣ ಬರಬೇಕು, ತಡವಾದರೆ ಶೇ 15 ಬಡ್ಡಿ. ಅಪ್ಪ ಕಾರ್ಖಾನೆಯ ಕಚೇರಿ ಮುಂದೆ ಕೂತು ಕೇಳಲು ಸಂಕೋಚಪಡುವ ಮಾತನ್ನು ನಾವು ಒಂದು ಪತ್ರದಲ್ಲಿ ಕೇಳಬಹುದು.

ಇನ್ನು ರಜೆ. ಯುಗಾದಿಗೆ, ಜಾತ್ರೆಗೆ ಹೋಗೇ ಹೋಗುತ್ತೇವೆ. ಅದರಲ್ಲಿ ಮೂರು ದಿನವನ್ನು ಕಬ್ಬು ಹೋದ ಮರುವಾರಕ್ಕೆ ಎತ್ತಿಡೋಣ. ಬುಡ ಸವರುವ ಆಳು, ಸಸಿ, ರವದಿ ಪುಡಿ ಮಾಡುವ ಯಂತ್ರ ಇಷ್ಟನ್ನು ಹೊಂದಿಸಿ ಬರಲು ಅಷ್ಟು ಸಾಕು. ಲಾವಣಿಗೆ ಕೊಡುವ ಮಾತನ್ನು ಆ ಹಂಗಾಮಿನ ತೂಕ ನೋಡಿ ಆಡಿದರಾಯಿತು.