ಮನೆಯ ಆಧಾರ ಬಿದ್ದಾಗ: ಬಡ ಕುಟುಂಬಕ್ಕೆ ವಿಮೆಯ ರಕ್ಷಣೆ

 



ಇತ್ತೀಚೆಗೆ ಒಂದು ಜುಮಾದಲ್ಲಿ ನಾವು ಯತೀಮರ ಹಕ್ಕಿನ ಕುರಿತು ಮಾತಾಡಿದ್ದೆವು. ನಮಾಝ್ ಮುಗಿದು ಜನ ಚದುರಿದ ಮೇಲೂ ಹದಿನಾರು ವರ್ಷದ ಹುಡುಗನೊಬ್ಬ ಬಾಗಿಲ ಬಳಿ ಕಾಯುತ್ತಿದ್ದ. ಕೈಯಲ್ಲಿ ತಂದೆಯ ಪಾಸ್‌ಬುಕ್ ಇತ್ತು. "ಉಸ್ತಾದ್, ಇದರಲ್ಲಿ ಪ್ರತಿ ವರ್ಷ 20 ರೂಪಾಯಿ ಕಟ್ ಆಗಿದೆ. ಯಾಕೆ ಅಂತ ಉಮ್ಮನಿಗೂ ಗೊತ್ತಿಲ್ಲ" ಎಂದ.

ಅವನ ತಂದೆ ಅಡಿಕೆ ಕೊಯ್ಯುವ ಕೆಲಸಕ್ಕೆ ಹೋಗುತ್ತಿದ್ದವರು. ಕೆಲವು ತಿಂಗಳ ಹಿಂದೆ ಮರದಿಂದ ಬಿದ್ದು ಅಲ್ಲೇ ತೀರಿಕೊಂಡರು. ಜೊತೆಯವರು ಮಯ್ಯಿತನ್ನು ಆಸ್ಪತ್ರೆಗೆ ಒಯ್ಯದೆ ನೇರ ಮನೆಗೆ ತಂದರು. ಪೊಲೀಸರಿಗೆ ತಿಳಿಸಿದರೆ ಪೋಸ್ಟ್‌ಮಾರ್ಟಂ ಆಗುತ್ತದೆ, ದೇಹವನ್ನು ಕೊಯ್ಯುತ್ತಾರೆ ಎಂಬ ಭಯ ಮನೆಯವರಿಗೆ. ಅಸರ್‌ಗೆ ಮೊದಲೇ ದಫನ ಮುಗಿಯಿತು. ಜನಾಝಾ ನಮಾಝ್‌ಗೆ ನಿಂತವರು ನಾವೇ. ತಡ ಮಾಡಬೇಡಿ ಎಂದು ಹೇಳಿದವರೂ ನಾವೇ.

ಆ 20 ರೂಪಾಯಿ ಅಪಘಾತ ವಿಮೆಯ ಕಂತು. ಆ ಮನೆಗೆ 2 ಲಕ್ಷ ರೂಪಾಯಿ ಬರಬೇಕಿತ್ತು. ಬ್ಯಾಂಕಿನವರು ಮರದಿಂದ ಬಿದ್ದೇ ಸತ್ತರೆಂಬುದಕ್ಕೆ ಆಸ್ಪತ್ರೆಯ ದಾಖಲೆ ಕೇಳಿದರು. ದಾಖಲೆ ಎಲ್ಲಿಂದ ಬರಬೇಕು? ಅದೇ ಖಾತೆಯಲ್ಲಿ ಜೀವ ವಿಮೆಯ ಕಂತು 436 ರೂಪಾಯಿ ಹಿಂದಿನ ವರ್ಷದವರೆಗೆ ಕಡಿತವಾಗಿತ್ತು. ಈ ವರ್ಷ ಮೇ ಕೊನೆಯಲ್ಲಿ ಖಾತೆಯಲ್ಲಿದ್ದದ್ದು 211 ರೂಪಾಯಿ. ಹೀಗಾಗಿ ಅದೂ ನಿಂತುಹೋಗಿತ್ತು.

ಆ ರಾತ್ರಿ ನಮಗೆ ನಿದ್ದೆ ಹತ್ತಲಿಲ್ಲ. ದುಆ ಮಾಡಿ ಹೊರಟುಬಂದೆವು, ಆದರೆ ಆ ವಿಧವೆಯ ಹಕ್ಕು ಕೈತಪ್ಪುವುದು ನಮಗೆ ಕಾಣಲಿಲ್ಲ. ಅದಕ್ಕಾಗಿ ಮರುವಾರದ ಖುತ್ಬಾದಲ್ಲಿ ಇದೇ ವಿಷಯ ಎತ್ತಿಕೊಂಡೆವು. ಅದರ ಸಾರವನ್ನು ಇಲ್ಲಿ ಸ್ವಲ್ಪ ವಿವರಿಸಿ ಬರೆಯುತ್ತಿದ್ದೇವೆ.

ಮುನ್ನೆಚ್ಚರಿಕೆ ತವಕ್ಕುಲ್‌ಗೆ ವಿರುದ್ಧವಲ್ಲ

"ಎಲ್ಲ ಅಲ್ಲಾಹನ ಕೈಯಲ್ಲಿ, ವಿಮೆ ಯಾಕೆ?" ಎಂದು ಕೇಳುವವರಿದ್ದಾರೆ. ಎಲ್ಲವೂ ಅಲ್ಲಾಹನ ಕೈಯಲ್ಲೇ ಇದೆ, ಅದರಲ್ಲಿ ಸಂಶಯವಿಲ್ಲ. ಆದರೆ ಒಂಟೆಯನ್ನು ಕಟ್ಟದೆ ಬಿಟ್ಟು ಭರವಸೆ ಇಡಲೇ ಎಂದು ಕೇಳಿದವರಿಗೆ, ಮೊದಲು ಕಟ್ಟಿ ನಂತರ ಭರವಸೆ ಇಡಲು ಪ್ರವಾದಿ(ಸ)ರು ಹೇಳಿದ್ದು ತಿರ್ಮಿದಿಯ ಹದೀಸ್‌ನಲ್ಲಿದೆ. ಯೂಸುಫ್(ಅ)ರು ಏಳು ವರ್ಷಗಳ ಬರಗಾಲಕ್ಕೆ ಮೊದಲೇ ಧಾನ್ಯ ಕೂಡಿಡಿಸಿದ ವೃತ್ತಾಂತ ಕುರ್‌ಆನ್‌ನಲ್ಲಿದೆ. ರೋಗಿಯಾಗಿದ್ದ ಸಅದ್ ಬಿನ್ ಅಬೀ ವಕ್ಕಾಸ್(ರ)ರು ತಮ್ಮ ಸೊತ್ತನ್ನೆಲ್ಲ ದಾನ ಮಾಡಲು ಹೊರಟಾಗ ಪ್ರವಾದಿ(ಸ)ರು ತಡೆದರು. ವಾರಸುದಾರರು ಜನರ ಮುಂದೆ ಕೈಚಾಚುವಂತೆ ಬಿಟ್ಟುಹೋಗುವುದಕ್ಕಿಂತ ಅವರನ್ನು ಸುಸ್ಥಿತಿಯಲ್ಲಿ ಬಿಟ್ಟುಹೋಗುವುದು ಮೇಲು ಎಂದು ತಿಳಿಸಿದರು.

ವಿಮೆಯ ವಿಷಯದಲ್ಲಿ ಆಕ್ಷೇಪ ಏನು?

ಆಕ್ಷೇಪ ಇರುವುದು ಪರಸ್ಪರ ನೆರವಿನ ಮೇಲಲ್ಲ, ವ್ಯವಹಾರದ ರೀತಿಯ ಮೇಲೆ. ಬಡ್ಡಿ, ಅನಿಶ್ಚಿತತೆ (ಗರರ್), ಜೂಜಿನ ಅಂಶ - ಈ ಮೂರನ್ನು ಉಲಮಾಗಳು ಎತ್ತಿ ಹೇಳಿದ್ದಾರೆ. 1985ರಲ್ಲಿ ಜಿದ್ದಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿ ಲಾಭಕ್ಕಾಗಿ ನಡೆಸುವ ವಾಣಿಜ್ಯ ವಿಮೆಯನ್ನು ಒಪ್ಪಲಿಲ್ಲ. ಆದರೆ ಪರಸ್ಪರ ಸಹಕಾರದ ವಿಮೆಯನ್ನು ಒಪ್ಪಿತು. ಇದಕ್ಕೆ ತಕಾಫುಲ್ ಎನ್ನುತ್ತಾರೆ. ಸದಸ್ಯರೆಲ್ಲ ಒಂದು ನಿಧಿಗೆ ದಾನದ ನಿಯ್ಯತ್ತಿನಿಂದ ಹಣ ಹಾಕುತ್ತಾರೆ, ಯಾರಿಗೆ ಆಪತ್ತು ಬಂದರೂ ಆ ನಿಧಿಯಿಂದ ಕೊಡಲಾಗುತ್ತದೆ. 1979ರಲ್ಲಿ ಸುಡಾನ್‌ನಲ್ಲಿ ಇಂಥ ಕಂಪೆನಿ ಆರಂಭವಾಯಿತು. ಮಲೇಷ್ಯಾ 1984ರಲ್ಲಿ ಇದಕ್ಕೆ ಕಾನೂನನ್ನೇ ಮಾಡಿತು. ಅಶ್ಅರೀ ಗೋತ್ರದವರು ಆಹಾರ ಕಡಿಮೆಯಾದಾಗ ಇದ್ದದ್ದನ್ನೆಲ್ಲ ಒಂದೇ ಬಟ್ಟೆಯಲ್ಲಿ ಸೇರಿಸಿ ಸಮನಾಗಿ ಹಂಚಿಕೊಳ್ಳುತ್ತಿದ್ದರು, ಪ್ರವಾದಿ(ಸ)ರು ಅದನ್ನು ಬಹಳ ಮೆಚ್ಚಿದ್ದರು. ತಕಾಫುಲ್‌ನ ಬೇರು ಅಲ್ಲಿದೆ.

ಭಾರತದಲ್ಲಿ ಜನಸಾಮಾನ್ಯರು ಸೇರಬಹುದಾದ ತಕಾಫುಲ್ ಕಂಪೆನಿ ಇಲ್ಲ. ಹಾಗಾದರೆ ಬಡವರು ಏನು ಮಾಡಬೇಕು? ಎಲ್ಲ ವಿಮೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಸರಕಾರವೇ ಹಣ ಭರಿಸುವ ಆರೋಗ್ಯ ಯೋಜನೆಯಲ್ಲಿ ನಾವು ಕಂತು ಕಟ್ಟುವುದೇ ಇಲ್ಲ, ಅದು ಪ್ರಜೆಗೆ ಸಿಗುವ ಸವಲತ್ತು. ವಾಹನದ ಥರ್ಡ್ ಪಾರ್ಟಿ ವಿಮೆಯನ್ನು ಕಾನೂನು ಕಡ್ಡಾಯ ಮಾಡಿದೆ, ನಮ್ಮಿಂದ ಇನ್ನೊಬ್ಬರಿಗೆ ಆಗುವ ಹಾನಿಗೆ ಅದು ಹೊಣೆ ನಿಲ್ಲುತ್ತದೆ. ಇನ್ನು ಹಣ ಬೆಳೆದು ಬೋನಸ್ ಸಹಿತ ಹಿಂದೆ ಬರುವ ಉಳಿತಾಯದ ಪಾಲಿಸಿಗಳಲ್ಲಿ ಬಡ್ಡಿಯ ಆಕ್ಷೇಪ ಸ್ಪಷ್ಟವಾಗಿದೆ, ಅವುಗಳಿಂದ ದೂರವಿರಿ. ಲೌಕಿಕವಾಗಿ ನೋಡಿದರೂ ಅವುಗಳ ಕಂತು ದೊಡ್ಡದು, ರಕ್ಷಣೆ ಚಿಕ್ಕದು. ಕೂಲಿಯವರು ಎರಡು ವರ್ಷ ಕಟ್ಟಿ ಕೈಬಿಟ್ಟು ನಷ್ಟ ಮಾಡಿಕೊಳ್ಳುವುದು ಇಂಥವುಗಳಲ್ಲೇ.

ಸಣ್ಣ ಕಂತಿನ, ಹಣ ಹಿಂದಿರುಗದ ಜೀವ ವಿಮೆ ಮತ್ತು ಅಪಘಾತ ವಿಮೆಯಲ್ಲಿ ಉಲಮಾಗಳ ನಡುವೆ ಭಿನ್ನಾಭಿಪ್ರಾಯವಿದೆ. ಬೇರೆ ದಾರಿಯಿಲ್ಲದ ಅಗತ್ಯವನ್ನು ನೋಡಿ ಅನುಮತಿಸಿದವರಿದ್ದಾರೆ, ಅನುಮತಿಸದವರೂ ಇದ್ದಾರೆ. ನಾವು ಫತ್ವಾ ಕೊಡುವ ಸ್ಥಾನದಲ್ಲಿಲ್ಲ. ನೀವು ನಂಬುವ ಆಲಿಮರಲ್ಲಿ ನಿಮ್ಮ ಪರಿಸ್ಥಿತಿ ಹೇಳಿ ಕೇಳಿ. ಆದರೆ ಕೇಳದೆಯೇ "ಹರಾಮ್" ಎಂದು ಇನ್ನೊಬ್ಬರ ಮನೆಯ ಬಾಗಿಲು ಮುಚ್ಚಬೇಡಿ.

ಯಾವ ರಕ್ಷಣೆ ಎಷ್ಟಕ್ಕೆ ಸಿಗುತ್ತದೆ?

ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ 2015ರಲ್ಲಿ ಬಂತು. 18ರಿಂದ 70 ವರ್ಷದವರು ಬ್ಯಾಂಕ್ ಅಥವಾ ಅಂಚೆ ಕಚೇರಿಯ ಉಳಿತಾಯ ಖಾತೆಯ ಮೂಲಕ ಸೇರಬಹುದು. ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಸತ್ತರೆ ಅಥವಾ ಎರಡೂ ಕಣ್ಣು, ಎರಡೂ ಕೈ ಇಲ್ಲವೇ ಕಾಲು ಹೋದರೆ 2 ಲಕ್ಷ, ಒಂದು ಕೈ, ಕಾಲು ಅಥವಾ ಕಣ್ಣು ಹೋದರೆ 1 ಲಕ್ಷ. ಹೃದಯಾಘಾತದಿಂದ ಸತ್ತರೆ ಇದು ಸಿಗದು.

ಪ್ರಧಾನ ಮಂತ್ರಿ ಜೀವನ್ ಜ್ಯೋತಿ ಬಿಮಾ ಯೋಜನೆಯಲ್ಲಿ ಕಾಯಿಲೆಯಿಂದ ಸತ್ತರೂ 2 ಲಕ್ಷ ಸಿಗುತ್ತದೆ. 18ರಿಂದ 50 ವರ್ಷದೊಳಗೆ ಸೇರಬೇಕು, 55ರವರೆಗೆ ಮುಂದುವರಿಸಬಹುದು. ಕಂತು ವರ್ಷಕ್ಕೆ 436 ರೂಪಾಯಿ. ಹೊಸದಾಗಿ ಸೇರಿದವರಿಗೆ ಮೊದಲ 30 ದಿನ ಅಪಘಾತದ ಸಾವಿಗೆ ಮಾತ್ರ ಅನ್ವಯ. ಎರಡೂ ಸೇರಿದರೆ ವರ್ಷಕ್ಕೆ 456 ರೂಪಾಯಿ, ಅಂದರೆ ತಿಂಗಳಿಗೆ 38.

ಜನ್ ಧನ್ ಖಾತೆಯ ರುಪೇ ಕಾರ್ಡಿನಲ್ಲೂ ಅಪಘಾತ ವಿಮೆ ಇದೆ. 2018ರ ಆಗಸ್ಟ್ 28ರ ನಂತರ ತೆರೆದ ಖಾತೆಗಳಿಗೆ 2 ಲಕ್ಷ, ಅದಕ್ಕಿಂತ ಮೊದಲಿನವಕ್ಕೆ 1 ಲಕ್ಷ. ಆದರೆ ಅಪಘಾತಕ್ಕೆ ಹಿಂದಿನ 90 ದಿನಗಳಲ್ಲಿ ಕಾರ್ಡನ್ನು ಒಮ್ಮೆಯಾದರೂ ಬಳಸಿರಬೇಕು. ಕಪಾಟಿನಲ್ಲಿ ಜೋಪಾನವಾಗಿಟ್ಟ ಕಾರ್ಡಿನಿಂದ ಪ್ರಯೋಜನವಿಲ್ಲ.

ಆಸ್ಪತ್ರೆ ಖರ್ಚಿಗೆ ನಮ್ಮ ರಾಜ್ಯದಲ್ಲಿ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ನಿಗದಿತ ವೆಚ್ಚದ ಶೇಕಡಾ 30, ವರ್ಷಕ್ಕೆ ಗರಿಷ್ಠ 1.5 ಲಕ್ಷ. ಇಲ್ಲಿ ನಮ್ಮವರು ಎಡವುವುದು ಒಂದೇ ಕಡೆ: ನೇರ ಖಾಸಗಿ ಆಸ್ಪತ್ರೆಗೆ ಹೋಗಿ ದಾಖಲಾಗುತ್ತಾರೆ, ಬಿಲ್ ಬಂದ ಮೇಲೆ ಕಾರ್ಡ್ ತೆಗೆಯುತ್ತಾರೆ. ತುರ್ತು ಸ್ಥಿತಿ ಬಿಟ್ಟರೆ ಮೊದಲು ಸರಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ರೆಫರಲ್ ಚೀಟಿ ಪಡೆದು ಯೋಜನೆಯಲ್ಲಿರುವ ಖಾಸಗಿ ಆಸ್ಪತ್ರೆಗೆ ಹೋಗಬೇಕು.

ಹಳ್ಳಿಗಳ ಸಹಕಾರಿ ಸಂಘದ ಸದಸ್ಯರಿಗೆ ಯಶಸ್ವಿನಿ ಇದೆ. 2003ರಲ್ಲಿ ಶುರುವಾದಾಗ ರೈತರು ತಿಂಗಳಿಗೆ 5 ರೂಪಾಯಿಯಂತೆ ಹಾಕಿದ ಹಣದಿಂದ, ಸರಕಾರದ ನೆರವೂ ಸೇರಿ, ದೊಡ್ಡ ಶಸ್ತ್ರಚಿಕಿತ್ಸೆಗಳು ನಡೆದವು. ನಡುವೆ ನಿಂತು ಮತ್ತೆ ಆರಂಭವಾಗಿದೆ. ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ಎಂದು ಇಟ್ಟಿದ್ದಾರೆ. ಹಲವರ ಸಣ್ಣ ಹಣ ಒಬ್ಬರ ದೊಡ್ಡ ಕಷ್ಟಕ್ಕೆ ಆಗುವುದು ಹೇಗೆಂಬುದಕ್ಕೆ ನಮ್ಮ ನಾಡಿನಲ್ಲೇ ಇರುವ ಉದಾಹರಣೆ ಇದು.

ಅಗ್ಗವಾದರೂ ಯಾಕೆ ಕೈಗೆ ಸಿಗುವುದಿಲ್ಲ?

456 ರೂಪಾಯಿ ಹೆಚ್ಚಿನ ಮನೆಗಳಿಗೆ ಕಷ್ಟದ ಮೊತ್ತವಲ್ಲ. ಆದರೆ ಅದನ್ನು ಕೇಳುವ ಸಮಯ ಕಷ್ಟದ್ದು. ಈ ಎರಡೂ ವಿಮೆಗಳ ವರ್ಷ ಜೂನ್ 1ರಿಂದ ಮೇ 31. ಮೇ ಕೊನೆಯ ವಾರದಲ್ಲಿ ಖಾತೆಯಿಂದ ಹಣ ಕಡಿತವಾಗುತ್ತದೆ. ಶಾಲೆಯ ಶುಲ್ಕ, ಪುಸ್ತಕ, ಕೊಡೆ, ಸೋರುವ ಮಾಡಿನ ರಿಪೇರಿ ಎಲ್ಲವೂ ಅದೇ ವಾರದಲ್ಲಿ. ಖಾತೆ ಖಾಲಿ ಇದ್ದರೆ ರಕ್ಷಣೆ ನಿಲ್ಲುತ್ತದೆ, ಮನೆಯವರಿಗೆ ಗೊತ್ತೂ ಆಗುವುದಿಲ್ಲ. ಮತ್ತೆ ಸೇರಿದರೆ ಆ 30 ದಿನಗಳ ಷರತ್ತು ಪುನಃ ಲಾಗೂ.

ಎರಡನೆಯದು, ಗಂಡಸರು ಮಾತ್ರ ಸೇರುತ್ತಾರೆ. ಬೀಡಿ ಕಟ್ಟಿ, ಹೊಲಿಗೆ ಹೊಲಿದು ಅರ್ಧ ಮನೆ ನಡೆಸುವ ತಾಯಿ ಲೆಕ್ಕಕ್ಕೇ ಇಲ್ಲ. ಅವರು ಹೋದರೂ ಮನೆಯ ಆಧಾರ ಬಿದ್ದಂತೆಯೇ ಅಲ್ಲವೇ?

ಮೂರನೆಯದು ಹೆಸರು. ಆಧಾರ್‌ನಲ್ಲಿ ಮಹಮ್ಮದ್, ಪಾಸ್‌ಬುಕ್‌ನಲ್ಲಿ ಮೊಹಮ್ಮದ್, ರೇಷನ್ ಕಾರ್ಡಿನಲ್ಲಿ ಬರೀ ಮನೆಮಾತಿನ ಹೆಸರು. ಬದುಕಿದ್ದಾಗ ಇದನ್ನು ಸರಿಪಡಿಸಲು ಒಂದು ದಿನದ ಕೂಲಿ ಹೋಗಬಹುದು. ಸತ್ತ ಮೇಲೆ ಹೆಂಡತಿ ತಿಂಗಳುಗಟ್ಟಲೆ ಅಲೆಯಬೇಕು. ಮದುವೆಗೆ ಮೊದಲು ತೆರೆದ ಖಾತೆಯಲ್ಲಿ ನಾಮಿನಿ ಯಾರೆಂದೂ ನೋಡಿಕೊಳ್ಳಿ. ನಾಮಿನಿ ಹಣ ಪಡೆಯುವವರು. ವಾರಸುದಾರರ ಪಾಲನ್ನು ಶರೀಅತ್ ಪ್ರಕಾರ ಆಲಿಮರಲ್ಲಿ ಕೇಳಿ ತೀರ್ಮಾನಿಸಿ.

ನಾಲ್ಕನೆಯದು, ಎರಡು ಬ್ಯಾಂಕಿನಲ್ಲಿ ಸೇರಿದರೆ ಎರಡು ಪಟ್ಟು ಸಿಗುತ್ತದೆಂಬ ತಪ್ಪು ತಿಳಿವಳಿಕೆ. ಒಬ್ಬರಿಗೆ ಒಂದೇ. ಎರಡನೇ ಕಂತು ವ್ಯರ್ಥ.

ಸಾವಿನ ಮನೆಯಲ್ಲಿ ಮರೆಯಬಾರದ್ದು

ಮಯ್ಯಿತನ್ನು ಬೇಗ ದಫನ ಮಾಡುವುದು ಸುನ್ನತ್. ಆದರೆ ಅಪಘಾತದ ಸಾವನ್ನು ಪೊಲೀಸರಿಗೆ ತಿಳಿಸದೆ ಮುಗಿಸುವುದು ಕಾನೂನಿಗೂ ವಿರುದ್ಧ, ಅನಾಥರ ಹಕ್ಕಿಗೂ ಹಾನಿ. ರಸ್ತೆ ಅಪಘಾತ, ನೀರಿನಲ್ಲಿ ಮುಳುಗಿ ಸಾವು, ಅಪರಾಧದಿಂದಾದ ಸಾವು - ಇವುಗಳಿಗೆ ಪೊಲೀಸ್ ದಾಖಲೆ ಬೇಕೇ ಬೇಕು. ಹಾವು ಕಚ್ಚಿದರೆ, ಮರದಿಂದ ಬಿದ್ದರೆ ತಕ್ಷಣದ ಆಸ್ಪತ್ರೆಯ ದಾಖಲೆ ಕೇಳುತ್ತಾರೆ. ಉಸಿರು ನಿಂತಿದೆ ಎಂದು ಕಂಡರೂ ಆಸ್ಪತ್ರೆಗೆ ಒಯ್ಯಿರಿ. ಮಯ್ಯಿತಿನ ಗೌರವ ನಮಗೆಲ್ಲ ದೊಡ್ಡದು. ಆದರೂ ಕಾನೂನು ಕೇಳುವಾಗ, ಹಕ್ಕು ಉಳಿಸಲು ಅಗತ್ಯವಾದಾಗ ಪೋಸ್ಟ್‌ಮಾರ್ಟಂಗೆ ಅವಕಾಶವಿದೆ ಎಂದು ಅನೇಕ ಉಲಮಾಗಳು ಹೇಳಿದ್ದಾರೆ. ಬೇಗ ಮುಗಿಸಿಕೊಡಿ ಎಂದು ವೈದ್ಯರಲ್ಲಿ ವಿನಂತಿಸೋಣ, ಓಡಾಟಕ್ಕೆ ಜಮಾಅತಿನ ನಾಲ್ಕು ಜನ ಜೊತೆ ನಿಲ್ಲೋಣ.

ಮರಣವನ್ನು 21 ದಿನಗಳೊಳಗೆ ನೋಂದಾಯಿಸಿ. ನಂತರ ಮೃತರ ಪಾಸ್‌ಬುಕ್ ತೆಗೆದು ನೋಡಿ. 20 ಅಥವಾ 436 ರೂಪಾಯಿ ಕಡಿತವಾಗಿದ್ದರೆ ಮರಣ ಪ್ರಮಾಣಪತ್ರ, ನಾಮಿನಿಯ ಆಧಾರ್ ಮತ್ತು ಪಾಸ್‌ಬುಕ್‌ನೊಂದಿಗೆ ಸಾಧ್ಯವಾದರೆ 30 ದಿನಗಳೊಳಗೆ ಅದೇ ಬ್ಯಾಂಕಿಗೆ ಹೋಗಿ ಅರ್ಜಿ ಕೊಡಿ. ಇದ್ದತ್‌ನಲ್ಲಿರುವ ಪತ್ನಿಯ ಪರವಾಗಿ ಮನೆಯ ಗಂಡಸರು ಅರ್ಜಿ ತಂದು ಸಹಿ ಮಾಡಿಸಿ ಒಯ್ಯಲಿ.

ಮಸೀದಿ ಏನು ಮಾಡಬಹುದು?

ನಮ್ಮ ಜಮಾಅತಿನಲ್ಲಿ ಮೂರು ಕೆಲಸ ತೀರ್ಮಾನಿಸಿದ್ದೇವೆ. ಒಂದು, ಮೊಹಲ್ಲಾದ ಪ್ರತಿ ಮನೆಯ ಹೆಸರಿನ ಮುಂದೆ ಖಾತೆ, ನಾಮಿನಿ, ಆರೋಗ್ಯ ಕಾರ್ಡ್ ಇದೆಯೋ ಇಲ್ಲವೋ ಎಂದು ಗುರುತು ಹಾಕುವುದು. ಖಾತೆ ಸಂಖ್ಯೆ, ಹಣದ ವಿವರ ಯಾರಲ್ಲೂ ಕೇಳುವುದಿಲ್ಲ. ಎರಡು, ಮೇ ಮೊದಲ ಜುಮಾದಂದು "ಖಾತೆಯಲ್ಲಿ 456 ರೂಪಾಯಿ ಇದೆಯೇ?" ಎಂದು ನೆನಪಿಸುವುದು. ಸಾಧ್ಯವಿಲ್ಲದ ಮನೆಗಳಿಗೆ ಸದಕಾ ನಿಧಿಯಿಂದ ಗುಟ್ಟಾಗಿ ತಲುಪಿಸುವುದು. ಝಕಾತ್‌ಗೆ ಅದರದೇ ಷರತ್ತುಗಳಿವೆ, ಅದನ್ನು ಇದಕ್ಕೆ ಬಳಸುವ ಮೊದಲು ಉಲಮಾಗಳಲ್ಲಿ ಕೇಳಬೇಕು. ಮೂರು, ಅರ್ಜಿ ಬರೆಯಲು ಬಲ್ಲ ಇಬ್ಬರು ಯುವಕರು ಸಾವಿನ ಮನೆಗೆ ಮೂರನೇ ದಿನ ಹೋಗುವುದು.

ಕೆಲವರು ಜಮಾಅತಿನಲ್ಲೇ ವಿಮೆ ನಡೆಸೋಣ ಎಂದರು. ಉದ್ದೇಶ ಒಳ್ಳೆಯದು. ಆದರೆ "ಇಷ್ಟು ಕಟ್ಟಿ, ಸತ್ತರೆ ಇಷ್ಟು ಕೊಡುತ್ತೇವೆ" ಎಂದು ಮಾತು ಕೊಟ್ಟರೆ ಅದು ನೋಂದಣಿಯಿಲ್ಲದ ವಿಮಾ ವ್ಯವಹಾರವಾಗುತ್ತದೆ, ಕಾನೂನು ಒಪ್ಪದು. ಒಂದೇ ಮಳೆಗಾಲದಲ್ಲಿ ನಾಲ್ಕು ಸಾವಾದರೆ ನಿಧಿಯೂ ಮುಗಿಯುತ್ತದೆ, ಮಾತೂ ಮುರಿಯುತ್ತದೆ. ದಾನವಾಗಿ ಸಂಗ್ರಹಿಸಿ, ಇದ್ದಷ್ಟು ಕೊಡುವ ನೆರವು ನಿಧಿ ಸಾಕು.

ಆ ಹುಡುಗನ ಅರ್ಜಿ ಇನ್ನೂ ತೀರ್ಮಾನವಾಗಿಲ್ಲ. ಜೊತೆಗೆ ಕೆಲಸಕ್ಕಿದ್ದವರ ಹೇಳಿಕೆ ಕೊಡಿಸಿದ್ದೇವೆ, ಹಣ ಬರುತ್ತದೆಂದು ಹೇಳಲಾರೆವು. ಅವನು ಶಾಲೆ ಬಿಡದಂತೆ ಜಮಾಅತ್ ನೋಡಿಕೊಳ್ಳುತ್ತಿದೆ. ಇಂದು ಮನೆಗೆ ಹೋದವರು ಒಂದು ಕೆಲಸ ಮಾಡಿ: ಪಾಸ್‌ಬುಕ್ ತೆಗೆದು ಹೆಂಡತಿ ಮಕ್ಕಳ ಮುಂದೆ ಇಟ್ಟು, ಯಾವ ಹಣ ಯಾಕೆ ಹೋಗುತ್ತದೆಂದು ಓದಿ ಹೇಳಿ.

ಯಾ ಅಲ್ಲಾಹ್, ನಮ್ಮ ಮನೆಗಳನ್ನು ಆಪತ್ತಿನಿಂದ ಕಾಪಾಡು. ನಾವು ಬಿಟ್ಟುಹೋಗುವವರನ್ನು ಯಾರ ಮುಂದೆಯೂ ಕೈಚಾಚದಂತೆ ಇಡು. ನಮ್ಮ ಅಲಕ್ಷ್ಯದಿಂದ ಯಾರ ಹಕ್ಕು ತಪ್ಪಿದೆಯೋ ಅದಕ್ಕಾಗಿ ನಮ್ಮನ್ನು ಕ್ಷಮಿಸು. ಆಮೀನ್.